ನೆಲದಲ್ಲಿ ಪಳೆಯುಳಿಕೆ: ಕಾಂಕ್ರೀಟಿಗೆ ಒತ್ತುವ ಅಚ್ಚನ್ನು ಮನೆಯಲ್ಲೇ ಮಾಡುವ ಬಗೆ

ನಮ್ಮ ಅತ್ತೆಯವರ ದೇವರ ಸಂಪುಟದಲ್ಲಿ ಒಂದು ಸಾಲಿಗ್ರಾಮವಿದೆ. ನಿಂಬೆಹಣ್ಣಿನಷ್ಟು ಗಾತ್ರ, ಮಿರಿಮಿರಿ ಕಪ್ಪು. ಒಂದು ಬದಿಯಲ್ಲಿ ಕಲ್ಲು ಬಾಯಿಬಿಟ್ಟು ಒಳಗಿನ ಸುರುಳಿ ಕಾಣುತ್ತದೆ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಇಂಥ ಕಲ್ಲುಗಳ ಸುರುಳಿ ಅಮ್ಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರವಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆ ಸಾಲಿಗ್ರಾಮವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೊಡಿ, ಅಚ್ಚು ತೆಗೆದು ಹಾಗೆಯೇ ವಾಪಸು ಇಡುತ್ತೇನೆ ಎಂದು ಕೇಳಿದೆ.

“ಅಚ್ಚು ತೆಗೆದು ಏನು ಮಾಡುತ್ತೀಯಮ್ಮ?”

“ಎದುರು ಮನೆಯವರ ಪೋರ್ಟಿಕೋ ನೆಲಕ್ಕೆ ಒತ್ತುತ್ತೇನೆ ಅತ್ತೆ.”

“ನೆಲಕ್ಕೆ? ಚಪ್ಪಲಿ ಕಾಲಿನಲ್ಲಿ ತುಳಿಯುವುದಕ್ಕೆ?”

ಸಂಪುಟದ ಮುಚ್ಚಳ ಟಪ್ಪೆಂದು ಬಿತ್ತು. ಆಮೇಲೆ ಎರಡು ದಿನ ಆ ಮಾತು ಎತ್ತುವ ಧೈರ್ಯ ನನಗೆ ಬರಲಿಲ್ಲ. ಆದರೆ ಅವರ ಮಾತಿನಲ್ಲಿ ಹುರುಳಿತ್ತು. ಇಂದಿಗೂ ಸುರುಳಿಯ ಅಚ್ಚನ್ನು ನಾನು ಗೋಡೆಗೆ, ಕಾಂಪೌಂಡಿಗೆ, ಹೆಚ್ಚೆಂದರೆ ಹೂಕುಂಡದ ಹೊರಮೈಗೆ ಒತ್ತುತ್ತೇನೆಯೇ ಹೊರತು ಕಾಲಿಡುವ ಕಡೆ ಒತ್ತುವುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ನೀವೂ ಒಂದು ಮಾತು ಕೇಳಿಯೇ ಮುಂದುವರಿಯಿರಿ. ಒತ್ತಿದ ಮೇಲೆ ಕಾಂಕ್ರೀಟನ್ನು ಅಳಿಸಲಾಗದು.

ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ ನಿವೃತ್ತಳಾದವಳು. ಗಾರೆ ಕೆಲಸ ನನ್ನದಲ್ಲ. ಅದಕ್ಕೆ ನಮ್ಮ ಮೇಸ್ತ್ರಿಯಿದ್ದಾರೆ. ನನ್ನದು ಅಚ್ಚಿನ ಕೆಲಸ, ಅವರದು ನೆಲದ ಕೆಲಸ, ಜಗಳ ಇಬ್ಬರದು. ಅಚ್ಚು ಎಷ್ಟು ಚೆನ್ನಾಗಿದೆ ಎಂದು ನಾನು ಬೀಗುತ್ತೇನೆ, ಗಾರೆ ಹದಕ್ಕೆ ಬಂದಿಲ್ಲ ಎಂದು ಅವರು ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ. ಆರು ವರ್ಷದಲ್ಲಿ ಹೆಚ್ಚು ಸಲ ಗೆದ್ದವರು ಅವರೇ.

ಯಾವ ಜೀವಿ, ಯಾವ ಊರು

ಪೇಟೆಯಲ್ಲಿ ಸಿಗುವ ಪಳೆಯುಳಿಕೆ ಅಚ್ಚುಗಳಲ್ಲಿ ಮೀನಿನ ಅಸ್ಥಿಪಂಜರ, ಟ್ರೈಲೊಬೈಟ್ ಎಂಬ ಅಳಿದುಹೋದ ಕಡಲಜೀವಿ, ಅಮ್ಮೊನೈಟ್, ಜರೀಗಿಡದ ಎಲೆ, ಡೈನೊಸಾರ್ ಹೆಜ್ಜೆ ಎಲ್ಲವೂ ಒಂದೇ ಹಾಳೆಯಲ್ಲಿರುತ್ತವೆ. ನೋಡುವುದಕ್ಕೆ ಚೆಂದ, ಲೆಕ್ಕಕ್ಕೆ ತಪ್ಪು. ಟ್ರೈಲೊಬೈಟ್‌ಗಳು ಸುಮಾರು 25 ಕೋಟಿ ವರ್ಷಗಳ ಹಿಂದೆಯೇ ಅಳಿದುಹೋದವು. ಡೈನೊಸಾರ್‌ಗಳು ಬಂದದ್ದು ಅದರ ನಂತರ. ಒಂದರ ಪಕ್ಕ ಒಂದನ್ನು ಒತ್ತುವುದೆಂದರೆ ಮದಕರಿನಾಯಕನ ಕೈಗೆ ಮೊಬೈಲ್ ಕೊಟ್ಟು ಚಿತ್ರ ಬರೆದಂತೆ. ಮಕ್ಕಳು ಆಡುವ ಅಂಗಳಕ್ಕೆ ಅಚ್ಚು ಕೇಳಿದವರಿಗೂ ನಾನು ಇದನ್ನು ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಪಟ್ಟಿ ಬದಲಾಯಿಸುತ್ತಾರೆ.

ನಮ್ಮ ಜಿಲ್ಲೆಯ ವಿಷಯಕ್ಕೆ ಬಂದರೆ ಇನ್ನೊಂದು ತೊಡಕು. ಇಲ್ಲಿನ ಕಲ್ಲುಗಳು ಬಹಳ ಹಳೆಯವು. ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂತೆ ಕಾಣುವ ಲಾವಾ ಬಂಡೆಗಳಿವೆ. ನೀರಿನಡಿ ಉಕ್ಕಿದ ಲಾವಾ ಹೆಪ್ಪುಗಟ್ಟಿ ಆದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವ ಆ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಹಿಂದೆ ಮೀನೂ ಇರಲಿಲ್ಲ, ಚಿಪ್ಪೂ ಇರಲಿಲ್ಲ, ಎಲೆಯೂ ಇರಲಿಲ್ಲ. ಇದ್ದದ್ದು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಆಳವಿಲ್ಲದ ನೀರಿನಲ್ಲಿ ಪದರದ ಮೇಲೆ ಪದರ ಕಟ್ಟಿ ಬಿಟ್ಟುಹೋದ ಗುಮ್ಮಟಗಳಿಗೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಅವು ಸಿಕ್ಕಿವೆ. ಆಸ್ಟ್ರೇಲಿಯಾದ ಪಶ್ಚಿಮ ತೀರದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ.

ಇದನ್ನು ನನಗೆ ತಿಳಿಸಿದ್ದು ಎದುರು ಮನೆಯ ಹುಡುಗ. ಭೂವಿಜ್ಞಾನ ಓದುತ್ತಿದ್ದ. “ಆಂಟಿ, ನಮ್ಮೂರಿನ ನೆಲಕ್ಕೆ ನಮ್ಮೂರಿನದೇ ಹಾಕಿ” ಎಂದ. ಫೋಟೋ ತೋರಿಸಿದಾಗ ನನಗೆ ಹೊಳೆದದ್ದು ಅಡುಗೆಮನೆಯ ಎಲೆಕೋಸು. ಅಡ್ಡಲಾಗಿ ಕೊಯ್ದ ಕೋಸಿನಲ್ಲಿ ಎಲೆಯ ಮೇಲೆ ಎಲೆ ಕವುಚಿಕೊಂಡು ನಡುವೆ ಸಣ್ಣ ಸಂದು ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ವಿನ್ಯಾಸ. ನನ್ನ ಮೊದಲ ಸ್ಟ್ರೊಮ್ಯಾಟೊಲೈಟ್ ಅಚ್ಚಿಗೆ ಮಾದರಿ ಅರ್ಧ ಕೋಸು. ಉಳಿದರ್ಧ ಅಂದಿನ ಪಲ್ಯ. ಯಾವ ದೇವರ ರೂಪವೂ ಅಲ್ಲದ್ದರಿಂದ ಅತ್ತೆಯವರ ಆಕ್ಷೇಪವೂ ಬರಲಿಲ್ಲ.

ಮೊದಲು ಎಲೆಯಿಂದ ಕಲಿಯಿರಿ

ಸಿಲಿಕೋನ್ ಕೊಳ್ಳುವ ಮೊದಲು ಒಂದು ಅರಳಿ ಎಲೆ ತೆಗೆದುಕೊಳ್ಳಿ. ಖರ್ಚಿಲ್ಲ. ಎಲೆಯ ಬೆನ್ನಿನಲ್ಲಿ ನರಗಳು ಉಬ್ಬಿರುತ್ತವೆ, ಆ ಬದಿ ಕೆಳಗಾಗಬೇಕು. ಎರಡು ಅಡಿ ಚೌಕದ ಗಾರೆ ಹಾಸಿ, ಮೇಲ್ಮೈಯ ನೀರಿನ ಹೊಳಪು ಆರಿದ ಕೂಡಲೇ ಎಲೆಯಿಟ್ಟು ಕರಣೆಯಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಒತ್ತಿ. ಎಲೆಯ ಅಂಚು ಗಾರೆಯ ಮಟ್ಟಕ್ಕೆ ಇಳಿದರೆ ಸಾಕು, ಮುಳುಗಬಾರದು. ಮರುದಿನ ತೊಟ್ಟು ಹಿಡಿದು ಎತ್ತಿ. ಹಲಸಿನ ಎಲೆಯೂ ಆಗುತ್ತದೆ. ಬೇವಿನದು ಬೇಡ, ಚೂರುಚೂರಾಗಿ ಗಾರೆಯಲ್ಲೇ ಉಳಿಯುತ್ತದೆ. ಜೋಗಿಮಟ್ಟಿಗೆ ಹೋಗಿ ಕಾಡಿನ ಗಿಡ ಕೀಳಬೇಡಿ, ಅದು ವನ್ಯಜೀವಿಧಾಮ. ಜರೀಗಿಡ ಬೇಕಾದರೆ ನರ್ಸರಿಯ ಕುಂಡದಲ್ಲಿರುತ್ತದೆ.

ಈ ಆಟದಿಂದ ತಿಳಿಯಬೇಕಾದದ್ದು ಗಾರೆಯ ಹದ. ಅದು ಕೈಗೆ ಹತ್ತಿದ ಮೇಲೆ ಅಚ್ಚಿನ ಕೆಲಸ ಶುರು ಮಾಡಿ.

ಉಬ್ಬು ಎಲ್ಲಿ, ತಗ್ಗು ಎಲ್ಲಿ

ಹೊಸಬರು ಎಡವುವುದು ಇಲ್ಲಿ. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಮರದಲ್ಲಿ ಆನೆ ತಗ್ಗಾಗಿ ಕೆತ್ತಿರುತ್ತದೆ, ಸಕ್ಕರೆಯಲ್ಲಿ ಆನೆ ಉಬ್ಬಿ ಬರುತ್ತದೆ. ಕಾಂಕ್ರೀಟಿನಲ್ಲೂ ಹಾಗೆಯೇ. ನೆಲದಲ್ಲಿ ಪಳೆಯುಳಿಕೆ ತಗ್ಗಾಗಿ ಕಾಣಬೇಕಾದರೆ ಅಚ್ಚಿನಲ್ಲಿ ಅದು ಉಬ್ಬಿರಬೇಕು. ನೆಲದಲ್ಲಿ ಉಬ್ಬಬೇಕಾದರೆ ಅಚ್ಚಿನಲ್ಲಿ ತಗ್ಗಿರಬೇಕು. ನಡೆದಾಡುವ ನೆಲಕ್ಕೆ ನಾನು ತಗ್ಗನ್ನೇ ಆರಿಸುತ್ತೇನೆ. ಉಬ್ಬಿದ್ದು ಕಾಲಿಗೆ ಎಡವುತ್ತದೆ, ಮೊದಲು ಸವೆಯುವುದೂ ಅದೇ. ಗೋಡೆಗೆ ಉಬ್ಬು ಚೆನ್ನ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೆರಳು ಮೂಡುತ್ತದೆ.

ಎಡಬಲವೂ ಅದಲುಬದಲಾಗುತ್ತದೆ, ಕಚೇರಿಯ ರಬ್ಬರ್ ಮೊಹರಿನ ಹಾಗೆ. ಸುರುಳಿಗೆ ಅದರಿಂದ ನಷ್ಟವಿಲ್ಲ. ಪಕ್ಕದಲ್ಲಿ ಮನೆಯ ಹೆಸರನ್ನೋ ಇಸವಿಯನ್ನೋ ಸೇರಿಸಿದರೆ ಮಾತ್ರ ಒತ್ತುವ ಅಚ್ಚಿನಲ್ಲಿ ಅಕ್ಷರಗಳು ಹಿಂದುಮುಂದಾಗಿರಬೇಕು. ನಾನು ಒಮ್ಮೆ ಮರೆತಿದ್ದೇನೆ. ಆ ಗೇಟಿನ ಮುಂದೆ ಹೋಗುವುದನ್ನು ಈಗಲೂ ತಪ್ಪಿಸುತ್ತೇನೆ.

ನನ್ನ ಕ್ರಮ ಹೀಗಿದೆ. ಹಲಗೆಯ ಮೇಲೆ ಒಂದಿಂಚು ದಪ್ಪ ಜೇಡಿಮಣ್ಣು ಹಾಸಿ, ನೆಲದಲ್ಲಿ ಹೇಗೆ ಕಾಣಬೇಕೋ ಹಾಗೆಯೇ ತಗ್ಗಾಗಿ ಕೆತ್ತುತ್ತೇನೆ. ಅಂದರೆ ಮಣ್ಣಿನ ಫಲಕವೇ ಮುಂದಿನ ನೆಲದ ತುಂಡು. ಅದರ ಸುತ್ತ ಮರದ ಪಟ್ಟಿಯ ಚೌಕಟ್ಟು ನಿಲ್ಲಿಸಿ ಸಿಲಿಕೋನ್ ಸುರಿದರೆ ಉಬ್ಬಿದ ಅಚ್ಚು ನೇರವಾಗಿ ಸಿಗುತ್ತದೆ. ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಒಂದೇ ಅಚ್ಚು ಮತ್ತೆ ಮತ್ತೆ ಬೇಕಾಗುವುದಾದರೆ ಮಣ್ಣಿನ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೆತ್ತಿ, ಚೆನ್ನಾಗಿ ಒಣಗಿಸಿ, ಬಡಗಿಗಳು ಬಳಸುವ ಅರಗಿನ ಪಾಲಿಷ್ ಎರಡು ಕೈ ಹೊಡೆದು, ವ್ಯಾಸಲೀನ್ ತೆಳ್ಳಗೆ ಸವರಿ. ಪಾಲಿಷ್ ಇಲ್ಲದ ಪ್ಲಾಸ್ಟರಿನ ರಂಧ್ರಗಳೊಳಗೆ ಸಿಲಿಕೋನ್ ಇಳಿದು ಹಿಡಿದುಕೊಳ್ಳುತ್ತದೆ.

ಕೆತ್ತುವಾಗ ಒಂದು ಮಾತನ್ನು ಬಿಡಬೇಡಿ: ತಗ್ಗಿನ ಗೋಡೆಗಳು ಓರೆಯಾಗಿರಬೇಕು. ಬಾಣಲೆಯ ಹಾಗೆ ಬಾಯಿ ಅಗಲ, ತಳ ಕಿರಿದು. ನೆಟ್ಟಗೆ ಕೆತ್ತಿದರೆ ಅಚ್ಚು ಎತ್ತುವಾಗ ಗಾರೆಯ ಅಂಚು ಕಿತ್ತುಬರುತ್ತದೆ. ಒಳಗೆ ಬಾಗಿದ್ದರಂತೂ ತುಂಡೇ ಬರುತ್ತದೆ. ಆಳ ಆರರಿಂದ ಎಂಟು ಮಿಲಿಮೀಟರ್ ಸಾಕು. ಗೆರೆಗಳು ಮೂರು ಮಿಲಿಮೀಟರಿಗಿಂತ ಸಣ್ಣಗಾಗುವುದು ಬೇಡ. ನನ್ನ ಮೊದಲ ಮೀನಿನ ಮುಳ್ಳುಗಳನ್ನು ಸೂಜಿಯಲ್ಲಿ ಗೀರಿದ್ದೆ; ಮಣ್ಣಿನಲ್ಲಿ ನೋಡಿದವರೆಲ್ಲ ಹೊಗಳಿದರು. ಗಾರೆಯಲ್ಲಿ ಒಂದು ಮರಳಿನ ಕಾಳು ಒಂದು ಮುಳ್ಳಿನಷ್ಟೇ ದಪ್ಪ. ನೆಲದಲ್ಲಿ ಮೂಡಿದ್ದು ಮೀನಲ್ಲ, ಬಾಚಣಿಗೆ. ಅಂದಿನಿಂದ ನಿಜವಾದ ಪಳೆಯುಳಿಕೆಯ ಹತ್ತು ಗೆರೆಗಳಿಗೆ ನಾನು ನಾಲ್ಕನ್ನು ಮಾತ್ರ ಕೆತ್ತುತ್ತೇನೆ. ಸ್ಟ್ರೊಮ್ಯಾಟೊಲೈಟ್ ಪದರಗಳು ನಿಜದಲ್ಲಿ ಬಹಳ ತೆಳು; ಅವನ್ನೂ ದಪ್ಪ ಮಾಡಿ, ಒಂದೆರಡು ಕಡೆ ಮುರಿದು ಬಿಡುತ್ತೇನೆ. ಎಲ್ಲ ಗೆರೆಯೂ ಪೂರ್ತಿ ಇದ್ದರೆ ರಂಗೋಲಿಯಂತೆ ಕಾಣುತ್ತದೆ.

ಸುರಿಯುವ ದಿನ

ಅಚ್ಚಿಗೆ ಎರಡು ಬಗೆಯ ವಸ್ತುಗಳಿವೆ. ದೊಡ್ಡ ಗುತ್ತಿಗೆದಾರರು ಬಳಸುವುದು ಪಾಲಿಯುರೆಥೇನ್ ರಬ್ಬರ್. ಗಟ್ಟಿಮುಟ್ಟು, ನೂರಾರು ಸಲ ಒತ್ತಿದರೂ ಬಾಳುತ್ತದೆ. ಆದರೆ ಅದಕ್ಕೆ ತೇವ ಕಂಡರಾಗದು. ನನಗೆ ಮಾರಿದ ಅಂಗಡಿಯವರು ಮೊದಲೇ ಮುಚ್ಚಳ ತೆಗೆದಿದ್ದ ಡಬ್ಬಿ ಕೊಟ್ಟಿದ್ದರು. ಅದು ಮಳೆಗಾಲ ಬೇರೆ. ಸುರಿದ ಮೇಲೆ ಇಡ್ಲಿ ಹಿಟ್ಟಿನಂತೆ ಉಬ್ಬಿ, ಒಣಗಿದಾಗ ಮೈತುಂಬ ಗುಳ್ಳೆ. ನಾಲ್ಕು ಸಾವಿರ ರೂಪಾಯಿ ಕಸದ ಬುಟ್ಟಿಗೆ ಹೋಯಿತು. ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಸಿಲಿಕೋನ್ ರಬ್ಬರ್. ಮೂರ್ತಿ ಮಾಡುವವರು ಅಚ್ಚಿಗೆ ಬಳಸುವುದು ಇದನ್ನೇ. ಅದು ಗಾರೆಗೆ ಅಷ್ಟಾಗಿ ಅಂಟುವುದಿಲ್ಲ. ಇದರಲ್ಲೂ ಎರಡು ಜಾತಿ: ತವರದ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವಂಥದ್ದು, ಪ್ಲಾಟಿನಂನದು. ಗಂಧಕ ಬೆರೆತ ಮಾಡೆಲಿಂಗ್ ಮಣ್ಣಿನ ಮೇಲೆ ಪ್ಲಾಟಿನಂ ಜಾತಿಯದು ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ತವರದ್ದು ಅಗ್ಗ, ಹಟವೂ ಕಡಿಮೆ. ಕೊಳ್ಳುವಾಗ ಗಡಸುತನ ಕೇಳಿ. ಶೋರ್ ಎ ಮಾಪನದಲ್ಲಿ 30ರ ಆಸುಪಾಸು ಇರಲಿ. 15ರದ್ದು ಮೆತ್ತಗೆ, ಒತ್ತಿದರೆ ಗೆರೆಗಳೇ ಮಡಚಿಕೊಳ್ಳುತ್ತವೆ.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. 30 ಸೆಂಟಿಮೀಟರ್ ಚೌಕ, 12 ಮಿಲಿಮೀಟರ್ ದಪ್ಪದ ಅಚ್ಚಿಗೆ 1,080 ಘನ ಸೆಂಟಿಮೀಟರ್ ಆಯಿತು. ತೂಕದಲ್ಲಿ ಸುಮಾರು ಒಂದೂಕಾಲು ಕಿಲೋ. ಹಾರ್ಡನರ್ ಅನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ತಕ್ಕಡಿಯಲ್ಲಿ ತೂಗಿಯೇ ಹಾಕಿ. ನನ್ನದಕ್ಕೆ ನೂರು ಗ್ರಾಮಿಗೆ ಮೂರು ಗ್ರಾಮ್. ಚಮಚದ ಅಳತೆ ಒಗ್ಗರಣೆಗೆ ಸರಿ, ಇದಕ್ಕಲ್ಲ. ಬಕೆಟ್ಟಿನ ತಳ ಮತ್ತು ಅಂಚನ್ನು ಕೆರೆದು ಕೆರೆದು ಕಲಸಿ. ಸುರಿಯುವಾಗ ಒಂದೇ ಮೂಲೆಯಿಂದ, ಒಂದಡಿ ಎತ್ತರದಿಂದ, ದಾರದಷ್ಟು ಸಣ್ಣ ಧಾರೆಯಾಗಿ ಬಿಡಿ. ಜೇನುತುಪ್ಪದಂತೆ ತಾನೇ ಹರಿದು ತಗ್ಗುಗಳನ್ನು ತುಂಬುತ್ತಾ ಹೋಗುತ್ತದೆ, ಗಾಳಿಗುಳ್ಳೆ ಆ ಎಳೆಯಲ್ಲೇ ಒಡೆಯುತ್ತದೆ. ಅರ್ಧ ತುಂಬಿದಾಗ ಸೊಳ್ಳೆಪರದೆಯ ಬಟ್ಟೆಯ ತುಂಡೊಂದನ್ನು ಹಾಸಿ ಮತ್ತೆ ಸುರಿದರೆ ಅಚ್ಚು ಎಳೆದಾಗ ಹರಿಯುವುದಿಲ್ಲ. ಇಪ್ಪತ್ನಾಲ್ಕು ಗಂಟೆ ಮುಟ್ಟಬೇಡಿ.

ಬೆನ್ನಿಗೆ ಪ್ಲೈವುಡ್ ಅಂಟಿಸಬೇಕೇ? ಪಳೆಯುಳಿಕೆ ಅಚ್ಚಿಗೆ ಬೇಡ. ಹಲಗೆಯಿದ್ದರೆ ನೆಟ್ಟಗೆ ಎತ್ತಬೇಕಾಗುತ್ತದೆ. ಬರಿ ರಬ್ಬರಾದರೆ ಒಂದು ಮೂಲೆಯಿಂದ ದೋಸೆ ಎಬ್ಬಿಸಿದಂತೆ ಸುಲಿದು ತೆಗೆಯಬಹುದು. ಒತ್ತುವಾಗ ಮಾತ್ರ ಮೇಲೊಂದು ಹಲಗೆ ಇಟ್ಟುಕೊಂಡರಾಯಿತು.

ಇನ್ನೊಂದು ಅಚ್ಚು ಮರೆಯಬೇಡಿ, ಅದು ಹಿನ್ನೆಲೆಯದು. ನುಣ್ಣನೆಯ ಗಾರೆಯ ಮೇಲೆ ಪಳೆಯುಳಿಕೆ ಒತ್ತಿದರೆ ಬಿಸ್ಕತ್ತಿನ ಮೇಲಿನ ಚಿತ್ರದಂತೆ ಕಾಣುತ್ತದೆ. ಸುತ್ತ ಕಲ್ಲಿನ ಒರಟು ಬೇಕು. ಒಡೆದ ಚಪ್ಪಡಿಯೊಂದನ್ನು ತಂದು, ಸೋಪಿನ ನೀರು ಸವರಿ ಒಣಗಿಸಿ, ಸಿಲಿಕೋನನ್ನು ಬ್ರಷ್ಷಿನಲ್ಲಿ ಮೂರು ಪದರ ಹಚ್ಚಿ ಸುಲಿದರೆ ಕಲ್ಲಿನ ಚರ್ಮವೇ ಕೈಗೆ ಬರುತ್ತದೆ. ಕಲ್ಲನ್ನು ಕಲ್ಲುಕುಟಿಗರ ಅಂಗಳದಿಂದ ತನ್ನಿ. ಕೋಟೆಯ ಬಂಡೆಗೋ ಚಂದ್ರವಳ್ಳಿಯ ಬಂಡೆಗೋ ಸಿಲಿಕೋನ್ ಬಳಿಯಲು ಹೋಗಬೇಡಿ. ಅವು ಸಂರಕ್ಷಿತ ತಾಣಗಳು.

ಗಾರೆ, ಗಾಳಿ, ಹದ

ಹೊಸ ನೆಲವಾದರೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿ ಅದರ ಮೇಲೆಯೇ ಒತ್ತಬಹುದು. ಜಲ್ಲಿ 10 ಮಿಲಿಮೀಟರಿನದಾಗಿರಲಿ. ಇಪ್ಪತ್ತರ ಜಲ್ಲಿ ಅಚ್ಚಿನ ಕೆಳಗೆ ಸಿಕ್ಕಿ ಪಳೆಯುಳಿಕೆಯ ಮುಖವನ್ನೇ ಎತ್ತಿಬಿಡುತ್ತದೆ. ನಾವಿಬ್ಬರೂ ಹೆಚ್ಚಾಗಿ ಮಾಡುವುದು ಹಳೆಯ ನೆಲದ ಮೇಲೆ 15 ಮಿಲಿಮೀಟರ್ ಮೇಲ್ಪದರ. ಒಂದು ಪಾಲು ಸಿಮೆಂಟ್, ಎರಡು ಪಾಲು ಸಣ್ಣ ಮರಳು, ನೀರಿಗೆ ಲೇಟೆಕ್ಸ್ ಎಂಬ, ಹಿಡಿತ ಹೆಚ್ಚಿಸುವ ಹಾಲಿನಂಥ ದ್ರಾವಣ. ನೂರು ಚದರ ಅಡಿಗೆ ಎರಡು ಚೀಲಕ್ಕಿಂತ ಸ್ವಲ್ಪ ಕಡಿಮೆ ಸಿಮೆಂಟ್ ಹಿಡಿಯುತ್ತದೆ. ಹಳೆಯ ನೆಲವನ್ನು ಉಳಿಯಿಂದ ಕೊಚ್ಚು ಹಾಕಿ, ತೊಳೆದು, ಹಿಂದಿನ ರಾತ್ರಿಯಿಂದ ನೆನೆಸಿಡಬೇಕು. ಬೆಳಿಗ್ಗೆ ನಿಂತ ನೀರನ್ನು ಒರೆಸಿ, ಸಿಮೆಂಟ್ ಮತ್ತು ಲೇಟೆಕ್ಸ್‌ನ ಗಂಜಿ ಬಳಿದು, ಅದು ಆರುವ ಮುನ್ನ ಗಾರೆ ಹಾಸಬೇಕು. ಹಳೆಯ ನೆಲದಲ್ಲಿ ಬಿರುಕೋ ಜೋಡಣೆಯ ಗೆರೆಯೋ ಇದ್ದರೆ ಮೇಲ್ಪದರದಲ್ಲೂ ಅದೇ ಜಾಗದಲ್ಲಿ ಗೆರೆ ಕೊಯ್ಯಿರಿ. ಮುಚ್ಚಿಟ್ಟರೆ ಅದು ಎಲ್ಲಿಂದಲಾದರೂ ಹೊರಬರುತ್ತದೆ, ಹೆಚ್ಚಾಗಿ ನಿಮ್ಮ ಅತಿ ಚೆಂದದ ಪಳೆಯುಳಿಕೆಯ ನಡುವಿನಿಂದಲೇ.

ಬಣ್ಣಕ್ಕೆ ಅದೇ ಹಳೆಯ ರೆಡ್ ಆಕ್ಸೈಡ್, ಇಲ್ಲವೇ ಹಳದಿ, ಕಪ್ಪು ಆಕ್ಸೈಡ್. ಸಿಮೆಂಟಿನ ತೂಕಕ್ಕೆ ನೂರಕ್ಕೆ ಮೂರರಿಂದ ಐದು ಸಾಕು. ಹತ್ತು ದಾಟಿದರೆ ಗಾರೆಯ ಕಸುವೇ ಕುಗ್ಗುತ್ತದೆ.

ಈಗ ಗಾಳಿಯ ಮಾತು. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಎರಡನೆಯ ವರ್ಷ ಆಷಾಢದಲ್ಲಿ ಒಂದು ಕೆಲಸ ಒಪ್ಪಿಕೊಂಡೆವು. ಬಿಸಿಲಿರಲಿಲ್ಲ, ಮೋಡ ಕವಿದಿತ್ತು, ಹಿತವಾದ ದಿನ ಎಂದುಕೊಂಡೆ. ಗಾರೆ ಹಾಸಿ ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಮೇಲ್ಮೈ ಆರಿ ಬೆಳ್ಳಗಾಯಿತು. “ಹದ ಬಂದಿದೆ, ಒತ್ತೋಣ” ಎಂದೆ. ಮೇಸ್ತ್ರಿ ಬೆರಳು ಚುಚ್ಚಿ ನೋಡಿ, “ಟೀಚರಮ್ಮಾ, ಇದು ಹದವಲ್ಲ, ಹಾಲಿನ ಕೆನೆ. ಕೆಳಗೆ ಇನ್ನೂ ಹಾಲೇ ಇದೆ” ಎಂದರು. ನಾನು ಕೇಳಲಿಲ್ಲ. ಅಚ್ಚಿನ ಮೇಲೆ ಕಾಲಿಟ್ಟ ಕೂಡಲೇ ಕೆನೆ ಹರಿಯಿತು. ಪ್ರತಿ ಪಳೆಯುಳಿಕೆಯ ಸುತ್ತ ಜೇಡರ ಬಲೆಯಂಥ ಸೀಳು. ನಾಲ್ಕನೆಯ ಅಚ್ಚಿಗೆ ನಿಲ್ಲಿಸಿದೆವು. ಅಷ್ಟೂ ಗಾರೆಯನ್ನು ಕೆರೆದು ತೆಗೆದು ಬಾಂಡ್ಲಿಯಲ್ಲಿ ಹೊತ್ತು ಹಾಕುವಾಗ ಅವರು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಬಿಸಿಲಿಗಿಂತ ಒಣಗಾಳಿಯೇ ಹೆಚ್ಚು ಕಾಟ ಕೊಡುತ್ತದೆ. ನವೆಂಬರಿನಿಂದ ಫೆಬ್ರುವರಿ ನಮಗೆ ಒಳ್ಳೆಯ ಕಾಲ. ಬೆಳಿಗ್ಗೆ ಆರೂವರೆಗೆ ಹಾಸಿದರೆ ಒಂಬತ್ತರ ಹೊತ್ತಿಗೆ ಒತ್ತಬಹುದು. ಏಪ್ರಿಲ್‌ನಲ್ಲಿ ಅದೇ ಗಾರೆ ಅರ್ಧ ಗಂಟೆ ಕೂಡ ಕಾಯುವುದಿಲ್ಲ. ಅನಿವಾರ್ಯವಾದರೆ ಸಂಜೆ ಐದರ ಮೇಲೆ ಮಾಡಿ. ಗಾಳಿ ಬರುವ ದಿಕ್ಕಿಗೆ ಹಳೆಯ ಸೀರೆಯನ್ನೋ ಶೇಡ್ ನೆಟ್ಟನ್ನೋ ಕಟ್ಟಿ. ಒಬ್ಬರೇ ಇದ್ದರೆ ಒಂದು ಸಲಕ್ಕೆ ಐವತ್ತು ಚದರ ಅಡಿಗಿಂತ ಹೆಚ್ಚು ಹಾಸಬೇಡಿ.

ಹದ ನೋಡುವ ಬಗೆಯನ್ನು ರಾಗಿಮುದ್ದೆ ಉಂಡು ಬೆಳೆದವರಿಗೆ ಹೇಳಿಕೊಡುವುದು ಸುಲಭ. ತಟ್ಟೆಗೆ ಬಂದು ಐದು ನಿಮಿಷ ಕಳೆದ ಮುದ್ದೆಗೆ ಒದ್ದೆ ಬೆರಳು ಒತ್ತಿದರೆ ಗುಳಿ ಬೀಳುತ್ತದೆ, ಅಂಚು ನಿಲ್ಲುತ್ತದೆ, ಬೆರಳಿಗೆ ಅಂಟುವುದಿಲ್ಲ. ಗಾರೆಯೂ ಹಾಗಿರಬೇಕು. ಹೆಬ್ಬೆರಳು ಐದಾರು ಮಿಲಿಮೀಟರ್ ಇಳಿಯಬೇಕು, ಗುಳಿಯಲ್ಲಿ ನೀರು ಜಿನುಗಬಾರದು, ಗುಳಿಯ ಅಂಚು ಕುಸಿಯಲೂ ಬಾರದು, ಬಿರಿಯಲೂ ಬಾರದು. ಮೂರು ಕಡೆ ನೋಡಿ: ನೆರಳಿನಲ್ಲಿ, ಬಿಸಿಲಿನಲ್ಲಿ, ಮೊದಲು ಹಾಸಿದ ಮೂಲೆಯಲ್ಲಿ. ಒತ್ತುವುದನ್ನು ಆ ಮೊದಲ ಮೂಲೆಯಿಂದಲೇ ಆರಂಭಿಸಿ. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ. ಬೆರಳು ಚುಚ್ಚಿದ ಕೂಡಲೇ ತೊಳೆದುಕೊಳ್ಳಿ, ಉಳಿದ ಕೆಲಸಕ್ಕೆ ರಬ್ಬರ್ ಕೈಗವಸು ಹಾಕಿ. ನನ್ನ ಉಗುರಿನ ಬುಡ ಒಂದು ತಿಂಗಳು ಉರಿದಿದೆ.

ಒತ್ತುವಾಗ

ಅಚ್ಚು ಅಂಟದಂತೆ ಬಣ್ಣದ ರಿಲೀಸ್ ಪುಡಿ ಸಿಗುತ್ತದೆ. ಸಿಲಿಕೋನ್ ಅಚ್ಚಿಗೆ ಅದು ಇಲ್ಲದಿದ್ದರೂ ನಡೆಯುತ್ತದೆ. ಆದರೆ ಪಳೆಯುಳಿಕೆಗೆ ಬೇಕೇ ಬೇಕು, ಏಕೆಂದರೆ ತಗ್ಗಿನಲ್ಲಿ ಉಳಿಯುವ ಕಡುಬಣ್ಣವೇ ಅದನ್ನು ಎತ್ತಿ ತೋರಿಸುವುದು. ನಾನು ಕಡುಕಂದು ಪುಡಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಗಾರೆಯ ಮೇಲೂ ಅಚ್ಚಿನ ಮೇಲೂ ತಟ್ಟುತ್ತೇನೆ. ನೂರು ಚದರ ಅಡಿಗೆ ಒಂದೂವರೆ ಕಿಲೋ ಆಗುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಕೆಲವರು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಒತ್ತುತ್ತಾರೆ. ಕಲ್ಲುಚಪ್ಪಡಿಯ ವಿನ್ಯಾಸಕ್ಕೆ ಅದು ಸರಿ. ಪಳೆಯುಳಿಕೆಯ ಸಣ್ಣ ಗೆರೆಗಳೆಲ್ಲ ಹಾಳೆಯ ಸುಕ್ಕಿನಲ್ಲಿ ಕರಗುತ್ತವೆ.

ಮೊದಲು ಕಲ್ಲಿನ ಚರ್ಮವನ್ನು ಇಡೀ ನೆಲಕ್ಕೆ ಒತ್ತಿ ಮುಗಿಸಿ. ಪ್ರತಿ ಸಲ ತಿರುಗಿಸಿ ಇಡಿ, ಒಂದೇ ಗುರುತು ಸಾಲಾಗಿ ಕಾಣಬಾರದು. ಆಮೇಲೆ ಪಳೆಯುಳಿಕೆ. ಅಚ್ಚಿಟ್ಟು, ಮೇಲೆ ಹಲಗೆಯಿಟ್ಟು, ಒಬ್ಬರು ನಿಧಾನವಾಗಿ ಹತ್ತಿ ನಿಂತರೆ ಸಾಕು. ದಮ್ಮಸು ಹಾಕುವಂತೆ ಗುದ್ದಿದರೆ ಅಚ್ಚು ಜರುಗಿ ಗೆರೆ ಜೋಡಿಯಾಗುತ್ತದೆ. ನನ್ನ ತೂಕ ಸಾಲದ ಕಡೆ ಮೇಸ್ತ್ರಿ ನಿಲ್ಲುತ್ತಾರೆ. ಅವರ ತೂಕ ಹೆಚ್ಚಾಗುವ ಕಡೆ ನಾನು.

ಎಷ್ಟು ಒತ್ತಬೇಕು? ನೀವು ಅಂದುಕೊಂಡದ್ದರ ಮೂರನೆಯ ಒಂದು ಭಾಗ. ಅಚ್ಚು ಕೈಯಲ್ಲಿದ್ದಾಗ ಒತ್ತುತ್ತಲೇ ಇರಬೇಕೆನಿಸುತ್ತದೆ, ಹಬ್ಬದ ದಿನ ಮಕ್ಕಳ ಕೈಗೆ ರಂಗೋಲಿ ಕೊಳವೆ ಸಿಕ್ಕ ಹಾಗೆ. ನೂರು ಚದರ ಅಡಿಗೆ ನಾನು ಏಳೆಂಟಕ್ಕೆ ನಿಲ್ಲಿಸುತ್ತೇನೆ: ಮೂರು ನಾಲ್ಕು ಒಂದು ಮೂಲೆಯಲ್ಲಿ ಒತ್ತಾಗಿ, ಉಳಿದವು ದೂರ ದೂರ. ಒಂದೆರಡನ್ನು ನೆಲದ ಅಂಚಿಗೆ ಅರ್ಧ ಮಾತ್ರ ಒತ್ತಿ, ಉಳಿದರ್ಧ ಗೋಡೆಯ ಕೆಳಗೆ ಹೋಗಿದೆ ಎನ್ನುವಂತೆ. ಸ್ಟ್ರೊಮ್ಯಾಟೊಲೈಟ್ ಮಾತ್ರ ಈ ಲೆಕ್ಕಕ್ಕೆ ಹೊರತು. ಅದು ಗುಂಪಾಗಿಯೇ ಬೆಳೆಯುವಂಥದ್ದು. ಮಗ್ಗುಲಿಗೆ ಮಗ್ಗುಲು, ಒಂದಕ್ಕೊಂದು ತಾಗಿಸಿ ಒತ್ತಿದರೇ ನಿಜವೆನಿಸುತ್ತದೆ.

ತೊಳೆಯುವುದು, ನೀರುಣಿಸುವುದು

ಮರುದಿನ ಸಂಜೆ ಮೆತ್ತನೆಯ ಬ್ರಷ್ಷಿನಿಂದ ಪುಡಿಯನ್ನು ತೊಳೆಯಿರಿ. ಮೇಲ್ಮೈಯದು ಹೋಗಬೇಕು, ತಗ್ಗಿನದು ಉಳಿಯಬೇಕು. ತಗ್ಗಿನೊಳಗೆ ಬ್ರಷ್ ಆಡಿಸುವ ಚಪಲ ಬೇಡ.

ಕ್ಯೂರಿಂಗ್ ವಿಷಯದಲ್ಲಿ ನಮ್ಮ ಕಡೆ ಉದಾಸೀನ ಹೆಚ್ಚು. ಬಿಸಿಯಾದ ಒಣಹವೆಯಲ್ಲಿ ಕಡಿಮೆಯೆಂದರೂ ಹತ್ತು ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಹದಿನಾಲ್ಕು ದಿನ ತೇವ ಕಾಪಾಡಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ 456 ಹೇಳುತ್ತದೆ. ಅಂಗಡಿಯಲ್ಲಿ ಪಿಪಿಸಿ ಎಂದು ಮಾರುವುದು ಆ ಎರಡನೆಯ ಜಾತಿ. ಗೋಣಿಚೀಲ ಹೊದಿಸಬೇಡಿ, ಅದರ ಕಂದು ಬಣ್ಣ ನೆಲಕ್ಕಿಳಿಯುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆ ಹೊದಿಸಿ ನೆನೆಸುತ್ತಿರಿ. ಕೊಳವೆಬಾವಿಯ ಗಡಸು ನೀರು ಬೇಡ. ತಗ್ಗಿನಲ್ಲಿ ನಿಂತು ಆರಿದರೆ ಬಿಳಿ ಉಪ್ಪಿನ ಗೆರೆ ಕಟ್ಟುತ್ತದೆ, ಕಪ್ಪಾಗಿರಬೇಕಾದ ಪಳೆಯುಳಿಕೆ ವಿಭೂತಿ ಬಳಿದುಕೊಂಡಂತಾಗುತ್ತದೆ. ನಲ್ಲಿ ನೀರು ಬಂದ ದಿನ ಎರಡು ಡ್ರಮ್ ತುಂಬಿಸಿಟ್ಟುಕೊಳ್ಳಿ.

ಸೀಲರ್, ಅಂದರೆ ನೆಲವನ್ನು ಕಾಪಾಡುವ ಮೇಲ್ಲೇಪ, ಹೊಡೆಯಲು ಒಂದು ತಿಂಗಳು ಕಾಯಿರಿ. ಒಳಗೆ ತೇವವಿದ್ದಾಗ ಹೊಡೆದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅಕ್ರಿಲಿಕ್ ಸೀಲರನ್ನು ತೆಳ್ಳಗೆ ಎರಡು ಕೈ ಹೊಡೆಯಿರಿ, ಎರಡನೆಯದರಲ್ಲಿ ಜಾರದಿರುವ ಪುಡಿ ಬೆರೆಸಿ. ಹೊಳಪಿನ ಆಸೆಗೆ ಮೂರನೆಯ ಕೈ ಹೊಡೆಸಿಕೊಂಡ ಮನೆಯೊಂದರಲ್ಲಿ ಮೊದಲ ಮಳೆಗೆ ಜಾರಿಬಿದ್ದವರು ಮನೆಯ ಯಜಮಾನರೇ.

ಎದುರು ಮನೆಯ ಪೋರ್ಟಿಕೋ ಈಗ ಐದು ಮಳೆಗಾಲ ಕಂಡಿದೆ. ಕಾರಿನ ಚಕ್ರ ಹಾಯುವ ಜಾಗದಲ್ಲಿ ಕಲ್ಲಿನ ಒರಟು ಸ್ವಲ್ಪ ಸವೆದಿದೆ. ಎಲೆಕೋಸಿನ ಗುಮ್ಮಟಗಳು ಹಾಗೆಯೇ ಇವೆ. ಅವರ ಗೇಟಿನ ಕಂಬದ ಮೇಲೆ, ಎದೆಯೆತ್ತರಕ್ಕೆ, ಒಂದೇ ಒಂದು ಸುರುಳಿ ಒತ್ತಿದ್ದೇನೆ. ಅತ್ತೆಯವರು ಸಂಜೆ ಆ ಕಡೆ ಹೋದಾಗ ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಆ ಭಾಗದ ಸೀಲರ್ ಉಳಿದೆಡೆಗಿಂತ ಬೇಗ ಮಾಸುತ್ತಿರುವುದರಿಂದ ವರ್ಷಕ್ಕೊಮ್ಮೆ ಅಲ್ಲಿಗೆ ಮಾತ್ರ ಒಂದು ಕೈ ಹೊಡೆಯಬೇಕಾಗಿದೆ.

ಕೆಲಸ ಮುಗಿದ ಕೂಡಲೇ ಅಚ್ಚುಗಳನ್ನು ಬರಿ ನೀರಿನಲ್ಲಿ ತೊಳೆದು, ಗೆರೆಗಳ ಮುಖ ಮೇಲಾಗಿ, ಹಲಗೆಯ ಮೇಲೆ ಚಪ್ಪಟೆಯಾಗಿ ಇಡಿ. ನೇತುಹಾಕಿದರೆ ಎಳೆದುಕೊಂಡು ಉದ್ದವಾಗುತ್ತವೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದರ ಗೆರೆ ಬಾಗುತ್ತದೆ. ನಾನು ನನ್ನ ಅಚ್ಚುಗಳನ್ನು ಮಂಚದ ಕೆಳಗೆ, ಹಳೆಯ ಡ್ರಾಯಿಂಗ್ ಬೋರ್ಡುಗಳ ಮೇಲೆ ಇಟ್ಟಿದ್ದೇನೆ.